ಒಂಬತ್ತನೆಯ ಮಹಡಿಯ ಊಟ

ಊಟದ ಮೇಜಿನ ಈ ಕೈಬಟ್ಟೆಗೆ ಇಸ್ತ್ರಿ ಸರಿಯಾಗಿಲ್ಲ, ಪೂರ್ತಿ ಆರುವ ಮೊದಲೇ ಮಡಚಿದ್ದಾರೆ, ಅಂಚಿನಲ್ಲಿ ಇನ್ನೂ ತೇವ ಇದೆ, ಎರಡು ಬೆರಳಿಟ್ಟರೆ ಸಾಕು ನನಗೆ ಗೊತ್ತಾಗುತ್ತದೆ — ಬಂದರಿನ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಇಂಥವನ್ನೇ ತಾನೆ ಒತ್ತಿದ್ದು, ಹಡಗಿನಿಂದ ಮೂಟೆ ಮೂಟೆ ಬರುತ್ತಿದ್ದವು, ಸಾಸಿನ ಕಲೆ, ವೈನಿನ ಕಲೆ, ತುಟಿಬಣ್ಣದ ಕಲೆ, ಎಲ್ಲವೂ ಬೆಳ್ಳಗಾಗಿ ವಾಪಸು ಹೋಗುತ್ತಿದ್ದವು, ಅವು ಯಾರ ತೊಡೆಯ ಮೇಲೆ ಕೂರುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ — ಈಗ ಅಂಥದೇ ಹಡಗಿನಲ್ಲಿ ಅದೇ ಬಟ್ಟೆಯನ್ನು ಹಂಸದ ಹಾಗೆ ಮಡಚಿ ತಟ್ಟೆಯ ಮೇಲೆ ನಿಲ್ಲಿಸಿದ್ದಾರೆ, ಬಡಿಸುವವನು ಬಂದು ಅದರ ಕತ್ತು ಹಿಡಿದು ಒಮ್ಮೆ ಕೊಡವಿ ನನ್ನ ಮಡಿಲಿಗೆ ಹಾಸುತ್ತಾನೆ, ನನಗೇನು ಕೈಯಿಲ್ಲವೆ, ಕಿವಿಯ ಮೇಲೆಲ್ಲ ಕೂದಲು ನರೆತಿದೆ ಅವನಿಗೂ, ನಾಚಿಕೆ ಅವನಿಗಿಲ್ಲದಿದ್ದರೆ ನನಗಾದರೂ ಬೇಡವೆ. ಅಮ್ಮಾ, ಸುಮ್ನೆ ಕೂತ್ಕೋ, ಅವರ ಕೆಲಸ ಅದು, ಎನ್ನುತ್ತಾಳೆ ಮಗಳು ತುಟಿ ಅಲ್ಲಾಡಿಸದೆ, ಹಲ್ಲಿನ ಡಾಕ್ಟರು ಅವಳು, ಬೇರೆಯವರ ಬಾಯಿ ತೆರೆಸಿ ತೆರೆಸಿ ತನ್ನ ಬಾಯಿ ಮುಚ್ಚಿಕೊಂಡೇ ಮಾತಾಡುವುದನ್ನು ಕಲಿತಿದ್ದಾಳೆ. ಅಳಿಯಂದಿರು ಬ್ರೆಡ್ಡಿನ ಫೋಟೊ ತೆಗೆಯುತ್ತಿದ್ದಾರೆ. ಬೆಣ್ಣೆಯ ಫೋಟೊ. ಬೆಣ್ಣೆಯ ಮೇಲೆ ಎಲೆಯ ಅಚ್ಚು ಒತ್ತಿದ್ದಾರೆ, ಅತ್ತೆ, ಸ್ವಲ್ಪ ಈ ಕಡೆ ನೋಡಿ, ಎನ್ನುತ್ತಾರೆ, ನೋಡುತ್ತೇನೆ, ಅವರ ಹೆಗಲ ಮೇಲಿನಿಂದ ಗಾಜಿನ ಬಾಗಿಲು ಕಾಣುತ್ತದೆ, ನನಗೆ ಬೇಕಾದದ್ದೂ ಅಷ್ಟೆ. ಹನ್ನೆರಡೂವರೆಗೆ ಬಾ ಎಂದಿದ್ದೇನೆ ಅಕ್ಕನಿಗೆ. ನಾಲ್ಕು ಕುರ್ಚಿ, ನಾಲ್ಕು ತಟ್ಟೆ, ನಾಲ್ಕು ಹಂಸ. ಈ ಮೇಜು ಪ್ರಯಾಣ ಮುಗಿಯುವವರೆಗೆ ನಮ್ಮದೇ ಅಂತೆ, ಮೂರು ದಿನದಿಂದ ಆ ನಾಲ್ಕನೆಯದರ ಮೇಲೆ ಮಗಳು ತನ್ನ ಪರ್ಸನ್ನು ಕೂರಿಸುತ್ತಿದ್ದಾಳೆ, ಪರ್ಸಿಗೆ ಒಂದು ಕುರ್ಚಿ, ಇವತ್ತು ಮಾತ್ರ ನಾನು ಅದನ್ನೆತ್ತಿ ಅವಳ ಕಾಲಬಳಿ ಇಟ್ಟೆ, ಯಾಕಮ್ಮ ಎಂದಳು, ಯಾರಾದರೂ ಬಂದ್ರೆ ಬೇಕಾಗತ್ತೆ ಎಂದೆ, ಯಾರು ಬರ್ತಾರೆ ಇಲ್ಲಿಗೆ ಎಂದು ನಕ್ಕಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ, ಆದರೆ ಆ ಅಣ್ಣ ತಮ್ಮಂದಿರಿಬ್ಬರೂ ಬೇಗ ಬೇಗ ತೀರಿಹೋದ ಮೇಲೆ ಉಳಿದವರು ನಾವೇ ತಾನೆ, ಒಂದೇ ಕೋಣೆ, ಒಂದೇ ಒಲೆ, ಒಂದೇ ಲಾಂಡ್ರಿ, ಮೇಸ್ತ್ರಿ ನಮ್ಮನ್ನು ಜೋಡೆತ್ತು ಎಂದೇ ಕರೆಯುತ್ತಿದ್ದ. ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಮಡಚಲು ಆಗುವುದಿಲ್ಲ, ಅವಳು ಆ ತುದಿ ನಾನು ಈ ತುದಿ, ಎಳೆದು ಬಿಗಿ ಮಾಡಿ ಒಬ್ಬರ ಕಡೆಗೊಬ್ಬರು ನಡೆಯಬೇಕು, ಏ, ಎಳಿಯೇ ಸರಿಯಾಗಿ, ಗಂಜಿ ಕುಡಿದಿಲ್ವಾ ಬೆಳಿಗ್ಗೆ, ಎಂದು ಅವಳು, ಕುಡಿದಿದ್ದು ನೀನಲ್ವಾ ನನ್ನ ಪಾಲಿಂದೂ, ಎಂದು ನಾನು. ಕಲೆ ತೆಗೆಯುವುದರಲ್ಲಿ ಮಾತ್ರ ಅವಳನ್ನು ಮೀರಿಸಿದವರಿಲ್ಲ, ಮೇಸ್ತ್ರಿ ಕೈಚೆಲ್ಲಿದ ಬಟ್ಟೆ ಅವಳ ಹತ್ತಿರ ಬರುತ್ತಿತ್ತು, ಯಾವುದು ಕೆಟ್ಟರೂ ಅವಳಿಗೆ ಅದು ಕೊಳೆಯೇ — ಗಡಿಯಾರ ನಿಂತಿತೆ, ಒರೆಸು, ರೇಡಿಯೊ ಕರಕರ ಎಂದಿತೆ, ಒರೆಸು, ಬಲ್ಬು ಹೋಗಿದ್ದಾಗ ಅದನ್ನೂ ಬಿಚ್ಚಿ ಒರೆಸಿದ್ದಳು ಪುಣ್ಯಾತ್ಗಿತ್ತಿ. ನನಗೆ ನಲವತ್ತಾದ ಮೇಲೆ ಲಾಂಡ್ರಿಯ ಹಿಂದಿನ ಗೋದಾಮಿನಲ್ಲಿ ದೊಡ್ಡವರ ಓದಿನ ತರಗತಿ ಶುರುವಾಯಿತು, ಇಬ್ಬರ ಹೆಸರನ್ನೂ ಬರೆಸಿದ್ದೆ, ಮೊದಲ ದಿನವೇ ಮಗಳು ಅತ್ತು ಅತ್ತು ನೀಲಿಯಾದಳು, ಆಗ ಅವಳಿಗೆ ನಾಲ್ಕು ವರ್ಷ, ಅಕ್ಕ ಸ್ಲೇಟನ್ನು ನನ್ನ ಕೈಗೆ ಕೊಟ್ಟು ಅವಳನ್ನೆತ್ತಿಕೊಂಡು ಎದ್ದುಹೋದಳು, ನೀನು ಕಲಿ, ಆಮೇಲೆ ನನಗೆ ಹೇಳ್ಕೊಡುವೆಯಂತೆ, ಇಬ್ಬರೂ ಕೂತ್ರೆ ಇವಳನ್ನ ಯಾರು ಹಿಡೀತಾರೆ. ಐದು ವರ್ಷ ಹಾಗೇ. ನಾನು ಕಲಿತೆ. ಅವಳಿಗೆ ಹೇಳಿಕೊಡಲಿಲ್ಲ. ಇವತ್ತು, ನಾಳೆ, ಈ ಮೂಟೆ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ, ಅವಳಿಗೂ ಕೇಳಲು ಸಂಕೋಚ ನನಗೂ ಹೇಳಲು ಮರೆವು, ಹಾಗೆಯೇ ಬಸ್ಸಿನ ಬೋರ್ಡು ನಾನು ಓದುವುದು ಬಸ್ಸಿಗೆ ಕೈ ಮಾಡುವುದು ಅವಳು ಎಂದು ನಡೆದುಹೋಯಿತು.

ಸೂಪು ಬಂತು. ತಟ್ಟೆ ಮೊರದಗಲ, ನಡುವೆ ಒಂದು ಗುಳಿ, ಗುಳಿಯಲ್ಲಿ ಮೂರು ಚಮಚ ಹಸಿರು ನೀರು, ಮೇಲೆ ನೊರೆ, ಇದು ಬಟಾಣಿಯ ನೆನಪು ಅಂತೇನೋ ವಿವರಿಸುತ್ತಾನೆ ಬಡಿಸುವವನು ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬಟಾಣಿಯನ್ನೇ ತಂದುಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು. ನೊರೆ ಎಂದರೆ ನನಗೆ ಸೋಪಿನದೇ ನೆನಪು, ಚಮಚ ಬಾಯಿಗೆ ಹೋಗುವುದಿಲ್ಲ. ಅಮ್ಮಾ, ಇಲ್ಲಿ ಸೂಟ್ ರೂಮಿನವರಿಗೆ ಬಿಟ್ಟು ಬೇರೆಯವರಿಗೆ ಕೊಡಲ್ಲ ಇದನ್ನ, ಎನ್ನುತ್ತಾಳೆ ಮಗಳು, ಹಾಗೆಂದರೆ ರುಚಿ ಹೆಚ್ಚಾಗುತ್ತದೆ ಅನ್ನುವ ಹಾಗೆ, ಬೇರೆಯವರಿಗೆ ಸಿಗುವುದಿಲ್ಲ ಎನ್ನುವುದನ್ನೇ ಉಪ್ಪಿನ ಬದಲು ಉದುರಿಸಿಕೊಂಡು ಉಣ್ಣುತ್ತಾರೆ ಇಲ್ಲಿ, ಪಕ್ಕದ ಮೇಜಿನವರು ಮೀನು ಬೆಂದಿಲ್ಲವೆಂದು ಎರಡು ಸಲ ವಾಪಸು ಕಳಿಸಿದರು, ಮೂರನೆಯ ಸಲ ಅದೇ ಮೀನು ಬಂತು, ನಾನು ನೋಡಿದೆ, ಬಾಲದ ಹತ್ತಿರ ಸೀಳಿದ ಗುರುತಿತ್ತು, ಈಗ ಸರಿಯಾಯ್ತು ಎಂದು ತಲೆದೂಗಿ ತಿಂದರು. ನನಗೆ ಎಪ್ಪತ್ತು ತುಂಬಿತೆಂದು ಈ ಪ್ರಯಾಣ, ಅಕ್ಕ ಬಂದ್ರೆ ನಾನೂ ಬರ್ತೀನಿ ಎಂದಿದ್ದೆ, ಕರ್ಕೊಂಡು ಹೋಗೋಣ ಬಿಡು ಎಂದಳು ಮಗಳು, ಎಷ್ಟು ಒಳ್ಳೆಯವಳು ನನ್ನ ಮಗಳು ಎಂದು ಹಿಗ್ಗಿದ್ದೆ, ಹಡಗು ಹತ್ತುವಾಗ ತಿಳಿಯಿತು, ನಮಗೆ ಮೇಲೆ ಎರಡು ಕೋಣೆಯ ಸೂಟು, ಅವಳಿಗೆ ಮೂರನೆಯ ಮಹಡಿ. ಅದೇ ಹಡಗು, ಅದೇ ಸಮುದ್ರ ಅಲ್ವೇನಮ್ಮ. ಸರಿ, ಅದನ್ನೂ ನುಂಗಿದೆ. ದೊಡ್ಡಮ್ಮನ್ನ ಊಟಕ್ಕೆ ಕರಿಯೇ ಎಂದರೆ, ಕರೆದೆ, ಅವರಿಗೆ ಕೆಳಗಡೆನೇ ಇಷ್ಟವಂತೆ, ಈ ಚಮಚ ಗಿಮಚ ಎಲ್ಲ ಬೇಡವಂತೆ, ಎಂದಳು, ಮೂರು ದಿನ ನಂಬಿದೆ, ಹೌದಿರಬಹುದು, ಅವಳಿಗೆ ಕೈಯಲ್ಲಿ ಕಲಸಿ ಉಂಡರೇ ಸಮಾಧಾನ. ಬೆಳಿಗ್ಗೆ ಹಡಗಿನ ಬಯಲು ಮಹಡಿಯ ಕಂಬಿಯ ಹತ್ತಿರ ಅವಳೇ ಸಿಕ್ಕಳು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು, ಏನೇ, ನಿದ್ದೆ ಆಯ್ತಾ, ಮಧ್ಯಾಹ್ನ ಎಲ್ಲ ಮಲಗಿರ್ತೀಯಂತೆ, ಎಬ್ಬಿಸಬೇಡಿ ಅಂದ್ಳು ನಿನ್ನ ಮಗಳು, ಮೈಗೆ ಹುಷಾರಿದೆ ತಾನೆ — ನಾನು ಯಾವಾಗ ಮಧ್ಯಾಹ್ನ ಮಲಗಿದ್ದೆ. ಅವಳೋ, ನನ್ನ ಕೋಣೆಗೆ ಕಿಟಕಿ ಇಲ್ಲ ಕಣೆ, ಕಿಟಕಿ ಥರ ಒಂದು ಟಿವಿ ಇದೆ, ಅದರಲ್ಲಿ ಸಮುದ್ರ ಹಾಕ್ತಾರೆ, ನಾನೂ ಎರಡು ದಿನ ನಿಜ ಅಂತಲೇ ನೋಡ್ತಿದ್ದೆ, ಒರೆಸೋಕೆ ಹೋದ್ರೆ ಸಮುದ್ರ ಆರಿಹೋಯ್ತು, ಎಂದು ಹೊಟ್ಟೆ ಹಿಡಿದು ನಗುತ್ತಾಳೆ, ಊಟಕ್ಕೆ ಸಾಲು ನಿಲ್ಲಬೇಕು, ಕಾಲು ಸೇದತ್ತೆ, ಆದ್ರೆ ಪಾಪ ಧಾರಾಳವಾಗಿ ಹಾಕ್ತಾರೆ, ನೀನಿಲ್ದೆ ಒಬ್ಬಳೇ ತಿನ್ನೋಕೆ ಒಂಥರಾ ಅನ್ಸತ್ತೆ ಅಷ್ಟೆ. ಆ ಮಾತಿಗೆ ನನ್ನ ತಾಳ್ಮೆ ಮುಗಿಯಿತು, ಆದರೆ ಸಿಟ್ಟನ್ನು ಅವಳಿಗೆ ಯಾಕೆ ತೋರಿಸಲಿ, ಅಕ್ಕ, ಇವತ್ತು ಊಟಕ್ಕೆ ನಮ್ಮ ಜೊತೆ ಬಾ, ಒಂಬತ್ತನೆಯ ಮಹಡಿ, ಲಿಫ್ಟಿನಿಂದ ಎಡಗಡೆ ಗಾಜಿನ ಬಾಗಿಲು, ಹನ್ನೆರಡೂವರೆಗೆ. ನಾನು ಬರಬಹುದಾ ಎಂದಳು. ಯಾಕೆ ಬರಬಾರದು ಎಂದೆ. ಎಂದೆನಲ್ಲ, ಬಾಗಿಲ ಮೇಲಿನ ಬರಹವನ್ನು ಮೊದಲ ದಿನವೇ ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದ್ದೆ, ಸೂಟ್ ಅತಿಥಿಗಳಿಗೆ ಮಾತ್ರ, ಓದಿ ಏನು ಮಾಡಿದೆ, ನಾವು ಅತಿಥಿಗಳು, ಅಕ್ಕ ನಮ್ಮವಳು, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಬಾಗಿಲು ತೆರೆಯಲು ಕೋಣೆಯ ಕಾರ್ಡು ಬೇಕೆನ್ನುವುದೂ ಹೊಳೆಯಲಿಲ್ಲ, ನನ್ನ ಕಾರ್ಡು ಮಗಳ ಪರ್ಸಿನಲ್ಲಿ, ನೀನು ಕಳ್ಕೋತೀಯ ಅಮ್ಮ, ನಾನು ದಿನಾ ಅವಳ ಬೆನ್ನಿಗಂಟಿಕೊಂಡು ಒಳಗೆ ಬರುವವಳು, ಬಾಗಿಲು ತಾನಾಗಿ ತೆರೆಯುವುದೆಂದೇ ತಿಳಿದಿದ್ದೆ.

ಬಂದಳು. ಗಾಜಿನ ಆಚೆ, ತಲೆ ಬಾಚಿ ಗಂಟು ಹಾಕಿಕೊಂಡು, ಪೆಟ್ಟಿಗೆಯ ಅಡಿಯಲ್ಲಿಟ್ಟಿದ್ದ ಹಳದಿ ಬಟ್ಟೆ ಉಟ್ಟು, ಮಡಿಕೆ ಹೊಟ್ಟೆಯ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ, ಇಸ್ತ್ರಿ ಮಾಡಿದರೆ ಹೀಗೆ ಮಾಡಬೇಕು. ನಾನು ಕೈಯೆತ್ತುತ್ತೇನೆ, ಬೆಳಕು ಅವಳ ಕಡೆ ಹೊಳೆಯುತ್ತಿದೆ, ಕಾಣುವುದಿಲ್ಲ ಅವಳಿಗೆ. ಅವಳ ಮುಂದೆ ಹೋದವನು ಬಾಗಿಲ ಪಕ್ಕದ ಕಂಬಕ್ಕೆ ಕಾರ್ಡು ತೋರಿಸಿದ್ದನ್ನು ನೋಡಿ ತಾನೂ ತೋರಿಸುತ್ತಾಳೆ, ಕೆಂಪು ದೀಪ. ಮತ್ತೆ ತೋರಿಸುತ್ತಾಳೆ, ಕೆಂಪು. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಟ್ಟೆಯ ಅಂಚಿಗೆ ಒರೆಸುತ್ತಾಳೆ, ಹೆಬ್ಬೆರಳಿನಿಂದ ಗಟ್ಟಿಯಾಗಿ, ಮೂಲೆ ಮೂಲೆಯನ್ನೂ, ಬಾಯಿಯಿಂದ ಆವಿ ಊದಿ ಮತ್ತೊಮ್ಮೆ ಒರೆಸುತ್ತಾಳೆ, ತೋರಿಸುತ್ತಾಳೆ, ಕೆಂಪು. ಅಯ್ಯೋ ಇವಳೆ, ಕೊಳೆಯಲ್ಲ ಅದು. ಅಷ್ಟರಲ್ಲಿ ನನ್ನ ಬಾಯಿಗೆ ಅದೇನೋ ಒಂದು ಮೀನಿನ ಚೂರನ್ನು ಹಾಕಿಕೊಂಡುಬಿಟ್ಟಿದ್ದೆ, ಮುಳ್ಳಿರಬಹುದು ಅಮ್ಮ, ನಿಧಾನ, ನಿನ್ನ ಹಲ್ಲಿನ ಸೆಟ್ಟು ಸಡಿಲ ಇದೆ, ಎಂದು ಮಗಳು, ಹಿಂದೆಯೇ ಬಾಗಿಲಲ್ಲಿ ನಿಂತು ಒಳಬಿಡುವ ಹೆಂಗಸು ಹೆಸರಿನ ಪಟ್ಟಿ ಹಿಡಿದುಕೊಂಡು ನಮ್ಮ ಮೇಜಿಗೆ ಬಾಗುತ್ತಾಳೆ, ಕ್ಷಮಿಸಿ ಮೇಡಂ, ಹೊರಗೆ ಒಬ್ಬರು ಅಜ್ಜಿ ನಿಂತಿದಾರೆ, ನಿಮ್ಮ ಜೊತೆಯವರು ಅಂತಿದಾರೆ, ಹೌದಾ. ಮಗಳು ತಿರುಗಿ ನೋಡಿದಳು. ನೋಡಿದಳು, ನನಗೆ ಗೊತ್ತು, ಆ ಹಳದಿ ಬಟ್ಟೆ ಅವಳ ಕಣ್ಣಿಗೆ ಬಿತ್ತು. ಬಂದಿರೋದು ನಮ್ಮ ಜೊತೆನೇ, ಎಂದಳು, ಅಮ್ಮನ್ನ ನೋಡ್ಕೊಳ್ಳೋಕೆ ಕರ್ಕೊಂಡು ಬಂದಿದೀವಿ, ಅವರ ಊಟ ಕೆಳಗಡೆ. ಹಾಗಿದ್ರೆ ಈ ತಟ್ಟೆ ತೆಗೀಲಾ ಮೇಡಂ. ತೆಗೀರಿ.

ತೆಗೆದರು. ಬಡಿಸುವವನು ಸದ್ದಾಗದ ಹಾಗೆ ತಟ್ಟೆ ಎತ್ತಿದ, ಚಾಕು, ಮುಳ್ಳುಚಮಚ, ಎರಡು ಲೋಟ, ಆ ಹಂಸವನ್ನು ಕೊನೆಗೆ, ಆಮೇಲೆ ಕುರ್ಚಿಯನ್ನೇ ಎತ್ತಿಕೊಂಡು ಹೋದ, ಖಾಲಿ ಜಾಗ ಯಾರ ಕಣ್ಣಿಗೂ ಬೀಳಬಾರದು, ಇಲ್ಲಿಯ ಕೆಲಸದ ಪದ್ಧತಿಯೇ ಹಾಗಿರಬೇಕು, ಉಳಿದ ಮೂರು ಕುರ್ಚಿಯನ್ನು ತುಸು ತುಸುವೇ ಸರಿಸಿದರು, ನನ್ನದನ್ನೂ, ನಾನು ಕೂತಿರುವಾಗಲೇ, ಈಗ ನೋಡಿದರೆ ಈ ಮೇಜು ಹುಟ್ಟಿದಾಗಿನಿಂದ ಮೂವರದೇ. ನಾನು ಅಗಿಯುತ್ತಿದ್ದೆ. ಉಗುಳಿ ಮಾತಾಡಬಹುದಿತ್ತು. ಮಡಿಲಲ್ಲಿ ಬಟ್ಟೆ ಇತ್ತು, ಉಗುಳಬಹುದಿತ್ತು, ಯಾರೋ ಒಗೆಯುತ್ತಾರೆ, ಒಗೆಯುವವರು ಇರುತ್ತಾರಲ್ಲ. ಮರ್ಯಾದೆಯಿಂದ ಅಗಿದು ನುಂಗಿದೆ, ನುಂಗುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿತ್ತು. ಬಾಗಿಲ ಹೆಂಗಸು ವಾಪಸು ಹೋಗಿ ಏನೋ ಹೇಳುತ್ತಿದ್ದಾಳೆ, ಅಕ್ಕ ತಲೆಯಾಡಿಸುತ್ತಾಳೆ, ನಗುತ್ತಾಳೆ, ಕಾರ್ಡನ್ನು ಮತ್ತೆ ಬಟ್ಟೆಗೆ ಒರೆಸುತ್ತಾಳೆ. ಏನಂದೆ, ಎಂದೆ ಮಗಳಿಗೆ. ಅಮ್ಮಾ, ಇಲ್ಲಿ ಸೀನ್ ಮಾಡಬೇಡ. ನೋಡ್ಕೊಳ್ಳೋಕೆ ಕರ್ಕೊಂಡು ಬಂದಿದೀವಿ ಅಂದೆ ನೀನು. ಮತ್ತಿನ್ನೇನು ಅನ್ಬೇಕಿತ್ತು, ರೂಲ್ಸೇ ಹಾಗಿದೆ, ನಾನೇನ್ ಮಾಡಿದ್ನಾ ರೂಲ್ಸು, ಸಂಜೆ ಇದನ್ನೇ ಪ್ಯಾಕ್ ಮಾಡ್ಸಿ ಕಳಿಸ್ತೀನಿ ಅವರಿಗೆ. ಅವರಿಗೆ ಅಂತೆ. ದೊಡ್ಡಮ್ಮ ಹೋಗಿ ಅವರು ಆಯಿತು. ಅತ್ತೆ, ಕೂತ್ಕೊಳ್ಳಿ, ಮೇನ್ ಕೋರ್ಸ್ ಬರ್ತಿದೆ, ಎಂದರು ಅಳಿಯಂದಿರು, ಪಾಪ ಅವರಿಗೆ ನಿಜವಾಗಿಯೂ ಅದೇ ಚಿಂತೆ. ಈ ಹುಡುಗಿಗೆ ದಡಾರ ಬಂದಾಗ ಹನ್ನೊಂದು ದಿನ ಹೆಗಲ ಮೇಲಿಂದ ಇಳಿಸಲಿಲ್ಲ ಅವಳು, ಶಾಲೆಯ ಮೊದಲ ದಿನ ಇವಳು ಅಮ್ಮ ಎಂದು ಓಡಿ ತಬ್ಬಿಕೊಂಡದ್ದು ಯಾರನ್ನು, ನನ್ನನ್ನಲ್ಲ, ನನಗೆ ಹೊಟ್ಟೆ ಉರಿದಿತ್ತು ಅವತ್ತು, ಸುಳ್ಳೇಕೆ ಹೇಳಲಿ — ಇವಳಿಗಾಗಿ ಸ್ಲೇಟು ಬಿಟ್ಟು ಎದ್ದುಹೋದವಳು ಇವತ್ತು ಬಾಗಿಲ ಮೇಲಿನ ನಾಲ್ಕಕ್ಷರ ಓದಲಾರದೆ ನಿಂತಿದ್ದಾಳೆ, ಓದಲು ಬಂದಿದ್ದರೆ ಅವಳು ಆ ಕಂಬದ ಹತ್ತಿರವೇ ಸುಳಿಯುತ್ತಿರಲಿಲ್ಲ, ಹಡಗು ಕಟ್ಟಿದವರಿಗಿಂತ ಹೆಚ್ಚು ಮಾನ ಅವಳಿಗೆ. ನಿನಗೆ ಏನಾದ್ರೂ ನೆನಪಿದೆಯೇನೇ, ಎಂದೆ. ನನ್ನ ದನಿ ಏರಿತ್ತೋ ಏನೋ, ಆ ಮೀನಿನ ಮೇಜಿನವರು ಚಮಚ ಕೆಳಗಿಟ್ಟರು. ಮಗಳು ಮೇಜುಬಟ್ಟೆಯನ್ನು ನೋಡುತ್ತಿದ್ದಳು. ಎದ್ದೆ. ಮಡಿಲ ಬಟ್ಟೆ ಜಾರಿತು, ಬಡಿಸುವವನು ಹೆಕ್ಕಲು ಬಾಗಿದ, ಬಿಡಪ್ಪ ಎಂದೆ.

ಇಷ್ಟು ದೂರವೆ ಬಾಗಿಲು, ಕಂಬಳಿಯ ಹಾಗೆ ಕಾಲು ಹೂತುಹೋಗುವ ನೆಲ, ಯಾರೋ ಪಿಯಾನೊ ಬಾರಿಸುತ್ತಿದ್ದಾರೆ, ಒಳಗಿನಿಂದ ಹೋದರೆ ಕಾರ್ಡು ಬೇಕಿಲ್ಲ, ಗಾಜು ತಾನಾಗಿ ಸರಿಯಿತು, ಹೊರಗೆ ಹಾಕುವುದಕ್ಕೆ ಯಾವ ತಕರಾರೂ ಇಲ್ಲ ಇವರದು, ಹೊರಗೆ ಬಂದೆ, ಹಿಂದೆ ಮುಚ್ಚಿಕೊಂಡಿತು. ಅಕ್ಕ ಇಲ್ಲ. ಲಿಫ್ಟಿನ ಬಾಗಿಲು ಮುಚ್ಚಿದೆ, ಮೇಲೆ ಅಂಕಿ ಇಳಿಯುತ್ತಿದೆ, ಏಳು, ಆರು. ಎಲ್ಲಿ ಹೋದ್ರಮ್ಮ ಅವರು, ಎಂದು ಆ ಹೆಂಗಸನ್ನು ಕೇಳುತ್ತೇನೆ. ನಿಮ್ಮ ಊಟ ಕೆಳಗಡೆ ಅಂತ ಹೇಳ್ದೆ ಮೇಡಂ, ಎರಡೆರಡು ಸಲ ಹೇಳ್ದೆ, ಅವರು ಕೇಳಲೇ ಇಲ್ಲ, ಒಳಗೆ ನನ್ನ ತಂಗಿ ಕಾಯ್ತಿದಾಳೆ, ಕಾರ್ಡಿಗೆ ಏನೋ ಜಿಡ್ಡು ಹತ್ತಿದೆ, ಸೋಪು ಹಾಕಿ ತೊಳ್ಕೊಂಡು ಈಗ ಬಂದೆ ಅಂತ ಹೋದ್ರು. ಬರುತ್ತಾಳೆ ಹಾಗಾದರೆ, ಬಂದೇ ಬರುತ್ತಾಳೆ, ಹಿಡಿದ ಕಲೆ ಬಿಟ್ಟವಳಲ್ಲ ಅವಳು, ನಾನು ಇಳಿದು ಹೋದರೆ ಅವಳು ಇನ್ನೊಂದರಲ್ಲಿ ಹತ್ತಿ ಬಂದಾಳು, ಇಲ್ಲೇ ನಿಂತರೆ ಬಂದು ಆ ಕಂಬಕ್ಕೆ ಮತ್ತೆ ತೋರಿಸುತ್ತಾಳೆ, ಏನು ಹೇಳಲಿ, ಯಾವ ಬಾಯಲ್ಲಿ ಹೇಳಲಿ — ಮೂರನೆಯ ಮಹಡಿ, ಕಿಟಕಿಯಿಲ್ಲದ ಕೋಣೆ, ನಲ್ಲಿ ಬಿಟ್ಟಿದ್ದಾಳೆ, ನೀರು ಬಿಸಿಯಾಗಲಿ ಎಂದು ಕಾಯುತ್ತಿದ್ದಾಳೆ, ಜಿಡ್ಡಿಗೆ ಬಿಸಿನೀರೇ ಆಗಬೇಕು, ತೋಳು ಮಡಚಿದ್ದಾಳೆ, ಕಾರ್ಡಿನ ಮೇಲೆ ಸೋಪು, ಸೋಪಿನ ಮೇಲೆ ಹೆಬ್ಬೆರಳು, ಉಗುರಿನ ಸುತ್ತ ನೊರೆ, ತಿಕ್ಕುತ್ತಿದ್ದಾಳೆ, ಬೆಳಕಿಗೆ ಹಿಡಿದು ನೋಡುತ್ತಾಳೆ, ತಿಕ್ಕುತ್ತಾಳೆ, ಹೆಬ್ಬೆರಳು, ನೊರೆ, ತಿಕ್ಕುತ್ತಾಳೆ