ಮುಟ್ಟಬಾರದ ಸೂಜಿ

ಆಗ ಕೆನಡಾದ ವ್ಯಾಂಕೂವರಿನಲ್ಲಿ ಮಾದಕ ವಸ್ತು ಇಟ್ಟುಕೊಂಡವರು ಎಲ್ಲಿ ಸಿಕ್ಕಿದರೂ ಅಪರಾಧಿಗಳೇ. ವ್ಯಸನಿಗಳು ನರ್ಸ್‌ಗಳ ಕಣ್ಣೆದುರಿಗೇ ಚುಚ್ಚಿಕೊಳ್ಳಲೆಂದು ತೆರೆದಿದ್ದ ನಮ್ಮ ಕೇಂದ್ರದ ಹನ್ನೆರಡು ಮೇಜುಗಳಿಗೆ ಮಾತ್ರ ಸರ್ಕಾರದ ವಿನಾಯಿತಿ ಇತ್ತು. ಬಂದವರು ತಾವೇ ತಂದು, ತಾವೇ ಚುಚ್ಚಿಕೊಳ್ಳಬೇಕು. ನರ್ಸ್ ಆದ ನಾನು ನರ ತೋರಿಸಬಹುದು, ಉಸಿರು ನಿಂತರೆ ಉಳಿಸಬಹುದು. ಸೂಜಿ ಮಾತ್ರ ಮುಟ್ಟುವಂತಿಲ್ಲ. ಮುಟ್ಟಿದರೆ ಮಾದಕ ವಸ್ತುವನ್ನು ನಾನೇ ಕೊಟ್ಟಂತೆ. ಹೊಸಬರಿಗೆ ಈ ನಿಯಮ ಹೇಳಿಕೊಡುತ್ತಿದ್ದವಳು ನಾನೇ, ಅದೂ ಜಂಬದಿಂದ.

ವರ್ನಾ ಆಂಟಿ ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಸಾಲ್ಮನ್ ಸೀಳಿದವಳು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಆ ಮಂಗಳವಾರ ಬೆಳಗ್ಗೆ ನರಕ್ಕೆ ಸೂಜಿ ಹಾಕಲಾಗದೆ ಮುಕ್ಕಾಲು ಗಂಟೆ ಒದ್ದಾಡಿದಳು. ತೋಳೆಲ್ಲ ರಕ್ತ.

"ನೀನೇ ಚುಚ್ಚೇ, ಮಗಳೇ."

"ಆಗಲ್ಲ ಆಂಟಿ. ನಿಮಗೆ ಗೊತ್ತಲ್ಲ."

"ಸಾಯೋಕೆ ಬಿದ್ರೆ ಎಬ್ಬಿಸ್ತೀಯ, ನೆಟ್ಟಗೆ ಕೂತಿರೋವಾಗ ಕೈ ಹಿಡಿಯಲ್ಲ. ಎಂಥಾ ನರ್ಸಮ್ಮನೇ ನೀನು!"

ಪಕ್ಕದ ಮೇಜಿನವರು ನಕ್ಕರು. ನನಗೆ ರೇಗಿತು.

"ಮುಂದಿನ ತಿಂಗಳು ವಿನಾಯಿತಿ ಮುಗಿಯುತ್ತೆ ಆಂಟಿ. ಒಂದು ತಪ್ಪು ಸಿಕ್ಕರೆ ಸಾಕು, ಬಾಗಿಲು ಹಾಕಿಸ್ತಾರೆ. ಇವರೆಲ್ಲ ಎಲ್ಲಿಗೆ ಹೋಗ್ಬೇಕು?"

"ಹೋಗ್ಲಿ ಬಿಡು. ನಾನು ಡಾಕ್ಟರ್ ಹತ್ರ ಹೋಗ್ತೀನಿ."

ನಮ್ಮ ಓಣಿಯಲ್ಲಿ ಡಾಕ್ಟರ್ ಎಂದರೆ ಓದಿದವನಲ್ಲ. ಕೈಲಾಗದವರಿಗೆ ಚುಚ್ಚಿಕೊಟ್ಟು, ಅವರದರಲ್ಲೇ ಪಾಲು ಕೇಳುವವನು. ಲೈಲ್ ಎಂಬ ಡಾಕ್ಟರ್ ಕಸದ ತೊಟ್ಟಿಯ ಹಿಂದೆ ಕೂತಿರುತ್ತಿದ್ದ. ಬೇಡ ಎಂದು ತಡೆದೆ. ಆಂಟಿ ಕೈ ಕೊಡವಿ ಹೊರಟಳು. ನಾನು ಅವಳ ಮೇಜು ಒರೆಸಿದೆ, ಇನ್ನೊಬ್ಬರನ್ನು ಕರೆದೆ.

ಇಪ್ಪತ್ತು ನಿಮಿಷದ ಮೇಲೆ ಓಣಿಯಲ್ಲಿ ಕೂಗು ಕೇಳಿ ಓಡಿದೆ. ಲೈಲ್ ಪರಾರಿಯಾಗಿದ್ದ. ಅವನು ಚುಚ್ಚಿದ್ದು ಕುತ್ತಿಗೆಗೆ. ಆಂಟಿಯ ತುಟಿ ನೀಲಿಯಾಗಿತ್ತು. ಅಮಲಿಳಿಸುವ ಮದ್ದು ಕೊಟ್ಟೆ, ಮತ್ತೆ ಕೊಟ್ಟೆ, ಆಂಬುಲೆನ್ಸ್ ಬರುವವರೆಗೂ ಉಸಿರು ತುಂಬಿದೆ. ನಮ್ಮ ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ ಅವಳು ಸತ್ತಳು. ನಾನು ರಸ್ತೆಯಲ್ಲೇ ಕೂತು ಅತ್ತೆ.

ವಿಚಾರಣೆಗೆ ಬಂದ ಅಧಿಕಾರಿ ಮೊದಲು ಕೇಳಿದ್ದೇ ಅದು: "ಸೂಜಿ ಮುಟ್ಟಿದ್ರಾ?"

"ಇಲ್ಲ."

"ಒಂದು ಸಲನೂ?"

"ಇಲ್ಲ."

ಅವರು ಬರೆದುಕೊಂಡರು. "ಹಾಗಾದ್ರೆ ಕೇಂದ್ರಕ್ಕೇನೂ ತೊಂದ್ರೆ ಇಲ್ಲ. ನೀವು ಸರಿಯಾಗೇ ನಡ್ಕೊಂಡಿದೀರಿ."

ಹೊರಗೆ ಬೆಂಚಿನ ಮೇಲೆ ವರ್ನಾ ಆಂಟಿಯ ತಂಗಿ ಕೂತಿದ್ದಳು. ಮಾತೆಲ್ಲ ಕೇಳಿಸಿತ್ತು. ಎದ್ದು ಬಂದು ನನ್ನ ಕೈಗಳನ್ನು ಹಿಡಿದು ನೋಡಿದಳು. ನನ್ನ ಬೆರಳುಗಳು ನೆಟ್ಟಗಿದ್ದವು.

"ಅಕ್ಕ ಕೇಳಿದಾಗ ಅಲ್ಲೇ ಇದ್ಯೇನಮ್ಮಾ?"

"ಇದ್ದೆ" ಎಂದೆ.