ಕೆಂಪು ಬಟ್ಟೆಯ ಮೇಲಿನ ಬಿಳಿ

ಅಂಗಿಯ ಮೇಲಿನ ಬಿಳಿ ಅಂಕಿ ಬಿಳಿಯಾಗಿಯೇ ಇದೆಯೋ ಇಲ್ಲವೋ ಎಂದು ಒಬ್ಬ ಹೆಂಗಸು ಬೆಳಗಿನಿಂದ ಒಳಗೂ ಹೊರಗೂ ಓಡಾಡುತ್ತಿದ್ದರೆ ನೋಡಿದವರು ನಗದೆ ಇರುತ್ತಾರೆಯೇ? ಮೊದಲು ನಕ್ಕವರು ಅತ್ತೆ.

"ಅದೇನೇ, ಒಲೆ ಮೇಲೆ ಹಾಲಿಟ್ಟವಳ ಹಾಗೆ ಘಳಿಗೆಗೊಂದ್ಸಲ ಹೋಗಿ ಬಗ್ಗಿ ನೋಡ್ತೀಯ? ಅಂಗಿ ಏನು ಉಕ್ಕಿ ಚೆಲ್ಲುತ್ತಾ?"

"ಸುಮ್ನಿರಿ ಅತ್ತೆ, ನನ್ನ ಸಂಕಟ ನಿಮಗೇನು ಗೊತ್ತು."

ಬೀದಿಯವರ ಬಾಯಲ್ಲಿ ಅವಳು ಪ್ರಿಂಟಕ್ಕ. ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಮನೆಯ ಕಡೆ ಇಲ್ಲ. ಮುಂದಿನ ಕೋಣೆಯ ಅಂಗಡಿ ಅವಳದ್ದೂ ಅತ್ತೆಯದ್ದೂ. ಗೋಡೆಗೆ ಒರಗಿಸಿದ ಸ್ಕ್ರೀನುಗಳು, ಮುಚ್ಚಳಕ್ಕೆ ಬಣ್ಣ ಮೆತ್ತಿದ ಇಂಕಿನ ಡಬ್ಬಗಳು, ಮೂಲೆಯಲ್ಲಿ ಬಾಯಿ ತೆರೆದು ನಿಂತ ಹೀಟ್ ಪ್ರೆಸ್. ಬಟ್ಟೆಯ ಮೇಲೆ ಸ್ಕ್ರೀನ್ ಇಟ್ಟು ಇಂಕು ಎಳೆಯುವುದು, ಆಮೇಲೆ ಪ್ರೆಸ್ಸಿನ ಬಿಸಿಯಲ್ಲಿ ಅದನ್ನು ಗಟ್ಟಿಮಾಡುವುದು ಸೊಸೆಯ ಕೆಲಸ. ನೂಲು ಕತ್ತರಿಸುವುದು, ಮಡಿಸುವುದು, ಜೊತೆಗೆ ನಾಲ್ಕು ಮಾತು ಆಡುವುದು ಅತ್ತೆಯ ಕೆಲಸ.

ಈ ಸಲದ್ದು ಆಸ್ಪತ್ರೆಯ ನರ್ಸುಗಳ ವಾಲಿಬಾಲ್ ತಂಡದ ಜೆರ್ಸಿಗಳು. ಕೆಂಪು ಪಾಲಿಯೆಸ್ಟರ್ ಬಟ್ಟೆ, ಎದೆಗೆ ಬಿಳಿ ಅಂಕಿ. ಪಂದ್ಯಕ್ಕೆ ಇನ್ನೂ ಸಮಯವಿದ್ದರೂ ಮೊನ್ನೆಯೇ ಕೊಟ್ಟು ಬಂದಿದ್ದಳು. ತಂಡ ಕಟ್ಟಿದ ದೊಡ್ಡ ಸಿಸ್ಟರ್ ಒಂದೊಂದನ್ನೂ ಕೊಡವಿ ನೋಡಿ, "ಮುದ್ದಾಗಿದೆ ರೀ! ಇದು ಸರಿಹೋಯ್ತು ಅನ್ನಿ, ಆಸ್ಪತ್ರೆಯ ಅಂಗಿ ಕೆಲಸ ಎಲ್ಲಾ ನಿಮ್ಮ ಕೈಗೇ ಬರೋ ಹಾಗೆ ಮಾಡ್ತೀನಿ" ಅಂದಿದ್ದರು.

ಆ ಕೆಲಸ ಬರದಿದ್ದರೆ ಅಂಗಡಿಗೆ ಉಸಿರಿಲ್ಲ. ಯಾಕೆಂದರೆ ಹಿಂದಿನ ದೊಡ್ಡ ಕೆಲಸ ಕೆಟ್ಟಿತ್ತು. ವ್ಯಾಯಾಮ ಶಾಲೆಯವನ ಅಂಗಿಗಳಿಗೆ ಬಿಸಿ ಸಾಲದೆ, ಮೊದಲ ಒಗೆತಕ್ಕೇ ಇಂಕು ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ಅವನು ಆ ರಾಶಿಯನ್ನು ತಂದು ಹೊಸ್ತಿಲ ಮೇಲೆ ಸುರಿದು, "ಇದು ಇಂಕಲ್ಲ, ಸುಣ್ಣ! ಗೋಡೆಗೆ ಬಳಿಯೋಕೆ ಹೋಗಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಅಂದಿನಿಂದ ಪರಿಚಯದವರೂ ಈ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು.

ಹಾಗಾಗಿ ಈ ಸಲ ಅವಳು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಒತ್ತಿದಳು, ಬಿಸಿಯನ್ನೂ ಏರಿಸಿ. ಒಂದು ಸಲ ಸಾಕು ಎಂದು ಕೈ ಹೇಳುತ್ತಿತ್ತು; ಮನಸ್ಸಿನ ಅಂಜಿಕೆ ಒಪ್ಪಲಿಲ್ಲ. ಕೊಟ್ಟು ಬಂದು ಕಾಲು ಚಾಚಿ ಕೂತ ಮೇಲೆಯೇ ಇಂಕು ಮಾರುವವನ ಮಾತು ತಲೆಗೆ ಬಂದದ್ದು: "ಪಾಲಿಯೆಸ್ಟರಿಗೆ ಬಿಸಿ ಜಾಸ್ತಿ ಕೊಡಬೇಡಿ ಅಕ್ಕಾ, ಬಟ್ಟೆಯ ಕೆಂಪು ಮೇಲೆ ಹತ್ತಿ ಬಿಳಿಯೊಳಗೆ ಸೇರ್ಕೊಳ್ಳುತ್ತೆ. ಆಗಲೇ ಕಾಣಲ್ಲ. ನಿಧಾನಕ್ಕೆ ಹತ್ತುತ್ತೆ."

ಮಾದರಿಗೆಂದು ಹೆಚ್ಚಿಗೆ ಅಚ್ಚು ಹಾಕಿದ್ದ ಒಂದು ಜೆರ್ಸಿ ಮನೆಯಲ್ಲೇ ಉಳಿದಿತ್ತು. ಅದನ್ನು ಅಂಗಳದ ತಂತಿಗೆ ನೇತುಹಾಕಿ ಕಾವಲು ಕೂತಳು.

"ಅತ್ತೆ, ಸರಿಯಾಗಿ ನೋಡಿ ಹೇಳಿ. ಬಿಳಿನಾ?"

"ಬಿಳಿನೇ. ನಿನ್ನ ಮುಖಕ್ಕಿಂತ ಬಿಳಿ. ಬೆಳಗಿಂದ ಒಂದು ತುತ್ತು ತಿಂದಿಲ್ಲ ನೀನು."

ಪಕ್ಕದ ಅಂಗಡಿಯ ಟೈಲರ್ ಮಾವನನ್ನು ಕರೆದಳು. ಅವರು ಕನ್ನಡಕವನ್ನು ಹಣೆಗೇರಿಸಿದರು, ಇಳಿಸಿದರು, ಮತ್ತೆ ಏರಿಸಿದರು.

"ಬಿಳಿ ಅಂದ್ರೆ ಬಿಳಿಯಮ್ಮಾ. ಆದ್ರೆ ನಾಚ್ಕೊಂಡಿರೋ ಬಿಳಿ."

"ಅಯ್ಯೋ ಮಾವಾ, ಹಾಗಂದ್ರೆ ಗುಲಾಬಿ ಅಂತ ತಾನೇ?"

"ನಾನೆಲ್ಲಿ ಹಾಗಂದೆ? ಹೊಲಿಗೆ ವಿಷಯ ಕೇಳು, ಹೇಳ್ತೀನಿ. ಬಣ್ಣದ ಜಗಳಕ್ಕೆ ನನ್ನ ಎಳೀಬೇಡ." ಅವರು ಹೋದದ್ದು ಸ್ವಲ್ಪ ಬೇಗನೇ ಆಯಿತು.

ಅತ್ತೆ ದನಿ ತಗ್ಗಿಸಿದರು. "ನೋಡು, ಅವರು ನೋಡಿ ಖುಷಿಯಾಗಿ ತಗೊಂಡಿದ್ದಾರೆ. ಕೇಳಿದಾಗ ನೋಡ್ಕೊಂಡ್ರಾಯ್ತು. ಇಲ್ಲದ ಮಾರಿನ ನೀನೇ ಯಾಕೆ ಮನೆಗೆ ಕರೀತೀಯ?"

ಆ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗಾಗಲಿಲ್ಲ. ಆದರೆ ಹೊಸ್ತಿಲ ಮೇಲೆ ಮತ್ತೊಂದು ರಾಶಿ ಬೀಳುವ ಸದ್ದು ಆಗಲೇ ಕಿವಿಯಲ್ಲಿತ್ತು. ಅವರು ಇಲ್ಲಿಗೆ ಬರುವ ಮೊದಲು ತಾನೇ ಅಲ್ಲಿಗೆ ಹೋಗಬೇಕು. ತಂತಿಯಿಂದ ಜೆರ್ಸಿ ಎಳೆದು ಚೀಲಕ್ಕೆ ತುರುಕಿ ಹೊರಟೇಬಿಟ್ಟಳು.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ಅಂಕಿ ಕೆಟ್ಟಿದೆ ಎಂದದ್ದೇ ದೊಡ್ಡ ಸಿಸ್ಟರ್ ನರ್ಸುಗಳ ಕೋಣೆಗೆ ಕರೆದೊಯ್ದು ಕಟ್ಟು ಬಿಚ್ಚಿದರು. ಜೆರ್ಸಿಗಳು ಕೆಂಪಗೆ, ಅಂಕಿಗಳು ಬೆಳ್ಳಗೆ. ಪ್ರಿಂಟಕ್ಕನಿಗೆ ಸುಮ್ಮನೆ ಎದ್ದು ಹೋಗಿಬಿಡಲೇ ಅನ್ನಿಸಿತು.

"ಏನ್ರೀ ಆಗಿರೋದು? ಬೆಳ್ಳಗಿದೆಯಲ್ಲ."

"ಇಲ್ಲ ಸಿಸ್ಟರ್. ಕೆಂಪು ಹತ್ತುತ್ತಾ ಇದೆ. ಬಿಸಿ ಹೆಚ್ಚು ಕೊಟ್ಟುಬಿಟ್ಟೆ."

"ಬಿಳಿ ಅಂದ್ರೇನು ಅಂತ ನನಗೆ ಹೇಳಿಕೊಡ್ತೀರಾ? ಕೆಲಸಕ್ಕೆ ಸೇರಿದಾಗಿಂದ ಬಿಳಿಯೊಳಗೇ ಇದ್ದೀನಿ ನಾನು." ಸಿಸ್ಟರ್ ಬ್ಯಾಂಡೇಜ್ ಸುರುಳಿಯೊಂದನ್ನು ಬಿಚ್ಚಿ ಅಂಕಿಯ ಪಕ್ಕಕ್ಕೆ ಚಾಚಿದರು. ಬ್ಯಾಂಡೇಜಿನ ಪಕ್ಕದಲ್ಲಿ ಅಂಕಿ, ಒಗೆದರೂ ಪೂರ್ತಿ ಹೋಗದ ರಕ್ತದ ಕಲೆಯ ಬಣ್ಣಕ್ಕಿತ್ತು.

"ಇನ್ನೂ ಏರುತ್ತಾ?"

"ಏರುತ್ತೆ ಸಿಸ್ಟರ್."

"ಅಲ್ಲಾರೀ, ನಮ್ಮ ಎದುರಿನ ತಂಡದವರು ಬಾಯಿಗೆ ಬೀಗ ಹಾಕ್ಕೊಂಡು ಬರ್ತಾರಾ? ಎಲ್ಲರ ಮುಂದೆ ನಾನು ನಿಮ್ಮನ್ನ ಹೊಗಳಿಟ್ಟಿದ್ದೀನಿ!" ಸಿಸ್ಟರ್ ಮುಖ ಬಿಗಿಯಿತು. ಪ್ರಿಂಟಕ್ಕ ಎರಡೂ ಕೈಯಲ್ಲಿ ಚೀಲದ ಹಿಡಿಯನ್ನು ಹಿಂಡುತ್ತಾ ನಿಂತಳು. ಆಸ್ಪತ್ರೆಯ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡಳು.

"ಸರಿ, ಕಾಯಿಲೆ ಹೇಳಿದ್ರಿ. ಔಷಧಿ?"

"ಮೇಲೆ ಬೂದು ಬಣ್ಣದ್ದೊಂದು ಇಂಕು ಹಾಕಬೇಕು, ಅದು ಕೆಂಪನ್ನ ತಡೆಯುತ್ತೆ. ಅದರ ಮೇಲೆ ಮತ್ತೆ ಬಿಳಿ, ಕಡಿಮೆ ಬಿಸಿಗೆ ಗಟ್ಟಿಯಾಗೋ ಅಂಥದ್ದು. ದುಡ್ಡು ಬೇಡ. ಅಂಕಿ ಸ್ವಲ್ಪ ದಪ್ಪ ಆಗುತ್ತೆ."

"ಎದೆಗೆ ಪ್ಲಾಸ್ಟರ್ ಹಾಕಿದ ಹಾಗಾ?"

"ಅಷ್ಟಿಲ್ಲ ಸಿಸ್ಟರ್."

"ಆಮೇಲೆ ಕೆಂಪು ಬರಲ್ವಾ?"

ಬರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. "ಬರಬಾರದು. ಆದ್ರೆ ಆಣೆ ಹಾಕಿ ಹೇಳಲಾರೆ."

ದೊಡ್ಡ ಸಿಸ್ಟರ್ ಅವಳನ್ನೇ ನೋಡಿದರು. "ನಾವೂ ರೋಗಿ ಮನೆಯವರಿಗೆ ಹೀಗೇ ಹೇಳೋದು. ಒಬ್ಬರಿಗೂ ಇಷ್ಟ ಆಗಲ್ಲ." ಒಂದೇ ಒಂದು ಜೆರ್ಸಿ ಎತ್ತಿ ಅವಳ ಕೈಗಿಟ್ಟರು. "ಮೊದಲು ಇದೊಂದನ್ನ ಮಾಡಿ ತನ್ನಿ. ಇಲ್ಲೇ ನೇತುಹಾಕ್ತೀನಿ. ಹೋಗ್ತಾ ಬರ್ತಾ ನಾನೇ ನೋಡ್ತೀನಿ. ನೀವು ಮನೇಲಿ ಕೂತು ನೋಡಿದ್ರೆ ಹುಚ್ಚು ಹಿಡಿಯುತ್ತೆ. ಅದು ತಡ್ಕೊಂಡ್ರೆ ಮಿಕ್ಕಿದ್ದು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊತೀನಿ, ಬೇಜಾರು ಮಾಡ್ಕೋಬೇಡಿ."

ಮಾಡಿ ಕೊಟ್ಟಳು. ಆಮೇಲಿನ ದಿನಗಳಲ್ಲಿ ಫೋನು ಅವಳ ಕೈಯಿಂದ ಇಳಿಯಲಿಲ್ಲ. ಅತ್ತೆ ತುತ್ತು ಕಲಸಿ ಎದುರಿಗಿಟ್ಟರೆ ತಟ್ಟೆಯ ಪಕ್ಕದಲ್ಲಿ ಫೋನು. ಕೊನೆಗೊಂದು ಬೆಳಿಗ್ಗೆ ಅದು ಬಡಿದುಕೊಂಡಿತು.

"ಪ್ರಿಂಟಕ್ಕ, ಈಗಷ್ಟೇ ಬ್ಯಾಂಡೇಜ್ ಹಿಡಿದು ನೋಡಿದೆ. ಬಿಳಿ. ಗಾಡಿ ಕಳಿಸಿ, ಮಿಕ್ಕಿದ್ದನ್ನ ತಗೊಂಡ್ಹೋಗಿ."

"ಲೈಟ್ ಹಾಕಿ ನೋಡಿದ್ರಾ ಸಿಸ್ಟರ್, ಬಿಸಿಲಲ್ಲಾ?"

"ಬಿಸಿಲಲ್ಲೇ."

"ಹೊಸ ಬ್ಯಾಂಡೇಜಾ? ಹಳೇದಾದ್ರೆ ಅದೂ ಒಂಚೂರು ಹಳದಿ ತಿರುಗಿರುತ್ತೆ, ಅದಕ್ಕೇ ಕೇಳ್ದೆ..."

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. "ಹೊಸದು ಬಿಚ್ಚಿ ಇನ್ನೊಂದ್ಸಲ ನೋಡ್ತೀನಿ, ಆಯ್ತಾ? ಫೋನ್ ಇಡಬೇಡಿ."

ಪ್ರಿಂಟಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು, ಬ್ಯಾಂಡೇಜಿನ ಪೊಟ್ಟಣ ಹರಿಯುವ ಸದ್ದಿಗಾಗಿ ಕಾಯುತ್ತಾ ನಿಂತಳು.