ಕಣದಲ್ಲಿ ಈಜು

ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಣದ ತುಂಬ ಪಾರ್ಚ್‌ಮೆಂಟ್ ಕಾಫಿ ಹರವಿ ಹೆಂಗಸರು ಕಾಲಾಡಿಸಿ ಕಾಳು ತಿರುವುತ್ತಿದ್ದರು. ಅದರ ನಡುವೆ ಒಂದು ಬೆಂಚು. ಬೆಂಚಿನ ಮೇಲೆ ಬೋರಲು ಮಲಗಿ ಲಕ್ಕಯ್ಯ ಗಾಳಿಯಲ್ಲಿ ಈಜುತ್ತಿದ್ದ.

“ಒಂದು, ಎರಡು! ಮೊಣಕೈ ಮೇಲೆ!” ಎಂದು ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದವರು ಎಸ್ಟೇಟಿನ ಯಜಮಾನರಾದ ಮಲ್ಲಿಕಾರ್ಜುನಪ್ಪನವರು. ತೊಡೆಯ ಮೇಲೆ ಲಂಡನ್ನಿನಿಂದ ತರಿಸಿದ ಈಜಿನ ಪುಸ್ತಕ. ಮೊಣಕಾಲು ಮುಳುಗುವಷ್ಟು ನೀರಿಗೆ ಅವರು ಎಂದೂ ಇಳಿದವರಲ್ಲ.

“ರಂಗಮ್ಮಾ, ನಿನ್ನ ಗಂಡ ಹಿಂಗೇ ಹೋದ್ರೆ ಸಂಜೆಗೆ ಬಣಕಲ್ ಮುಟ್ತಾನೆ ಕಣೇ,” ಎಂದಳು ಒಬ್ಬಳು. “ಬರ್ತಾ ಒಂದು ಸೇರು ಉಪ್ಪು ತರೋಕೆ ಹೇಳು.”

ರಂಗಮ್ಮ ನಗಲಿಲ್ಲ.

ಲಕ್ಕಯ್ಯ ಕಳಸದ ಕಡೆಯವನು, ಭದ್ರೆಯಲ್ಲಿ ಈಜಿ ಬೆಳೆದವನು. ಬಿಳಿ ದೊರೆಗಳ ಕ್ಲಬ್ಬು ವರ್ಷಕ್ಕೊಮ್ಮೆ ಕೆರೆಯಲ್ಲಿ ನಡೆಸುವ ಪಂದ್ಯದಲ್ಲಿ ಸುತ್ತಲಿನ ಎಲ್ಲ ಎಸ್ಟೇಟುಗಳ ಈಜುಗಾರರನ್ನೂ ಎರಡು ಸಲ ಸೋಲಿಸಿದ್ದ. ಮೊದಲ ಸಲ ಗೆದ್ದಾಗ ದೊರೆಗಳು ಮಲ್ಲಿಕಾರ್ಜುನಪ್ಪನವರತ್ತ ತಲೆಯಾಡಿಸಿದ್ದರು. ಎರಡನೆಯ ಸಲ ಮೆಟ್ಟಿಲ ಬಳಿ ನಿಲ್ಲಿಸಿ ಚಹಾ ಕೊಟ್ಟಿದ್ದರು. ಈ ಸಲ ವರಾಂಡದಲ್ಲಿ ಕುರ್ಚಿ ಸಿಕ್ಕೇ ಸಿಗುತ್ತದೆಂದು ಯಜಮಾನರ ನಂಬಿಕೆ.

ಆ ಕುರ್ಚಿಗಾಗಿ ಲಕ್ಕಯ್ಯನಿಗೆ ನಸುಕಿನಲ್ಲಿ ಕೆರೆ, ಹಗಲೆಲ್ಲ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿದ್ದ ಪಲ್ಪರ್ ಮನೆ, ಊಟದ ಹೊತ್ತಿನಲ್ಲಿ ಬೆಂಚು. ಬಲಭುಜ ಊದಿ, ಕಂಬಳಿ ಹೊದೆಯುವುದಕ್ಕೂ ಹೆಂಡತಿ ಬೇಕಾಗಿತ್ತು. ಮಳೆಗಾಲಕ್ಕೆ ಮುಂಚೆ ಮರಗಸಿ ಬರುತ್ತದೆ. ನೆರಳಿನ ಮರ ಹತ್ತಿ ತಲೆಯ ಮೇಲಿನ ಕೊಂಬೆ ಕಡಿಯಬೇಕು. ಕೈ ಏಳದವನಿಗೆ ಕೂಲಿಗಳ ಲೈನ್ ಮನೆಯಲ್ಲಿ ಜಾಗ ಯಾರು ಕೊಡುತ್ತಾರೆ? ರಂಗಮ್ಮನೇ ಬಣಕಲ್‌ಗೆ ನಡೆದುಹೋಗಿ, ಮೂಳೆ ಕೂರಿಸುವುದಕ್ಕೆ ಹೆಸರಾದ ರಜಬ್ ಅಲಿ ಸಾಬರನ್ನು ಕಣಕ್ಕೇ ಕರೆತಂದಳು.

ಸಾಬರು ಭುಜ ಒತ್ತಿ ನೋಡಿದರು. “ಒಂದೂವರೆ ತಿಂಗಳು ಈ ಕೈ ತಲೆಗಿಂತ ಮೇಲೆ ಹೋಗಬಾರದು. ಈಗ ಹಟ ಮಾಡಿ ಎತ್ತಿದ್ರೆ ಆಮೇಲೆ ಜನ್ಮದಲ್ಲಿ ಎತ್ತಕ್ಕಾಗಲ್ಲ.”

“ನೋವಲ್ಲ ಸಾಬ್ರೇ, ಮೈಗಳ್ಳತನ,” ಎಂದರು ಯಜಮಾನರು. “ಮೊಣಕೈ ತಪ್ಪಾಗಿ ಮಡಿಸ್ತಾನೆ, ಅಷ್ಟೇ. ಏಳೋ, ನಾನು ತೋರಿಸ್ತೀನಿ.”

ಕೋಟು ಬಿಚ್ಚಿ ಬೆಂಚಿನ ಮೇಲೆ ಬೋರಲಾದರು. ಹೆಂಗಸರ ಕಾಲು ನಿಂತವು. ಎಡಗೈ ಬೀಸಿದರು, ಚೆನ್ನಾಗಿಯೇ ಇತ್ತು. ಬಲಗೈ ಬೀಸಿದರು, ಭುಜದಿಂದ ಕಟಕ್ಕೆಂದು ಸದ್ದು ಬಂತು. ಯಜಮಾನರು ಪಾರ್ಚ್‌ಮೆಂಟಿನ ಮೇಲೆ ಉರುಳಿ “ಅವ್ವಾ!” ಎಂದದ್ದು ಪಲ್ಪರ್ ಮನೆಯವರೆಗೂ ಕೇಳಿತು.

ಕೀಲು ಕೂರಿಸಿದವರು ಅದೇ ಸಾಬರು. ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ ಪಟ್ಟು ಹಾಕಹೊರಟಾಗ ಯಜಮಾನರ ಹೆಂಡತಿ ಶಂಕರಮ್ಮ ಹೌಹಾರಿದರು. “ನಮ್ಮನೇಲಿ ಮೊಟ್ಟೆಯೇ!”

“ಭುಜಕ್ಕಮ್ಮಾ, ಬಾಯಿಗಲ್ಲ.”

“ಹಚ್ಚಲಿ ಬಿಡೇ!” ಎಂದು ಯಜಮಾನರು ನರಳಿದರು.

ಮರುದಿನದಿಂದ ಅವರು ದಿಂಬಿಗೊರಗಿ ಬಾದಾಮಿ ಹಾಲು ಕುಡಿಯುತ್ತ ಬಂದವರಿಗೆಲ್ಲ ಉಪದೇಶ ಮಾಡತೊಡಗಿದರು. “ಭುಜ ಅಂದ್ರೆ ಸಾಮಾನ್ಯ ಕೀಲಲ್ಲ. ವಿಶ್ರಾಂತಿ ಬೇಕು. ಮನುಷ್ಯನ ಮೈ ಏನು ಪಲ್ಪರ್ರೇ?” ಎಣಿಸುವವರಿಲ್ಲದೆ ಬೆಂಚು ಖಾಲಿ ಬಿತ್ತು. ಲಕ್ಕಯ್ಯ ಎಡಗೈಯಲ್ಲಿ ಕೋಳಿ ಅಟ್ಟುತ್ತ ಕಣ ಕಾದ. ಊತ ಇಳಿಯಿತು.

ಪಂದ್ಯ ಹತ್ತಿರ ಬಂದಾಗ ಯಜಮಾನರು, “ಲಕ್ಕ ನೀರಿಗಿಳೀಲಿ,” ಎಂದರು.

“ಅವನಿಗೆ ಇನ್ನೂ ದಿನ ತುಂಬಿಲ್ಲ. ನಿಮಗೂ ತುಂಬಿಲ್ಲ,” ಎಂದರು ಸಾಬರು.

“ನನ್ನ ಭುಜ ಬೇರೆ, ಅವನ ಭುಜ ಬೇರೆ.”

“ಎರಡನ್ನೂ ಮುಟ್ಟಿ ನೋಡಿದೋನು ನಾನು. ನಿಮ್ಮದು ಸ್ವಲ್ಪ ಮೆತ್ತಗಿದೆ, ಅಷ್ಟೇ ವ್ಯತ್ಯಾಸ.”

ಸಾಬರ ಮಾತು ನಡೆಯಲಿಲ್ಲ. ಭಾನುವಾರ ಲಕ್ಕಯ್ಯ ಮೈಗೆ ಎಣ್ಣೆ ಹಚ್ಚಿಕೊಂಡು ಕೆರೆಯ ದಡದಲ್ಲಿ ನಿಂತ. ಪಕ್ಕದಲ್ಲಿ ಕಂಬಳಿ ಹಿಡಿದು ರಂಗಮ್ಮ. ಯಜಮಾನರು ಬಿಳಿ ಬಟ್ಟೆಯಲ್ಲಿ ಕೈಯನ್ನು ಕೊರಳಿಗೆ ಬಿಗಿದುಕೊಂಡು ಕ್ಲಬ್ಬಿನ ಮೆಟ್ಟಿಲ ಬಳಿ ನಿಂತಿದ್ದರು. ಒಬ್ಬ ದೊರೆ ಕೈಗೇನಾಯಿತೆಂದು ಕೇಳಿದ.

“ಸ್ವಿಮ್ಮಿಂಗ್, ಸರ್. ಟ್ರೈನಿಂಗ್.”

ದೊರೆ ಅವರ ಹೊಟ್ಟೆಯನ್ನೊಮ್ಮೆ, ಕೈಯನ್ನೊಮ್ಮೆ ನೋಡಿ ಜೋರಾಗಿ ನಕ್ಕ. “ಸ್ಪೋರ್ಟ್ಸ್‌ಮನ್!” ಎಂದು ವರಾಂಡದಲ್ಲಿ ಕುರ್ಚಿ ಎಳೆದುಕೊಟ್ಟ. ಮಲ್ಲಿಕಾರ್ಜುನಪ್ಪನವರು ಕೆರೆಗೆ ಬೆನ್ನು ಮಾಡಿ ಕೂತರು.

ದಡದಲ್ಲಿ ಎಸ್ಟೇಟಿನ ಹೆಸರು ಕೂಗಿದರು. ಲಕ್ಕಯ್ಯ ವರಾಂಡದತ್ತ ನೋಡಿದ. ಯಜಮಾನರು ಒಬ್ಬ ದೊರೆಸಾನಿಗೆ ಮೊಣಕೈ ಮಡಿಸುವ ಕ್ರಮ ವಿವರಿಸುತ್ತಿದ್ದರು.

“ಅವ್ರಿಗೆ ಬೇಕಾದ್ದು ಸಿಕ್ತು,” ಎಂದಳು ರಂಗಮ್ಮ. “ಹೊದ್ಕೊಳ್ಳಿ, ಹೋಗಾಣ.”

ಲಕ್ಕಯ್ಯನಿಗೂ ಗೆಲ್ಲುವ ಚಪಲ ಇಲ್ಲದಿರಲಿಲ್ಲ. ನೀರನ್ನೇ ಸ್ವಲ್ಪ ಹೊತ್ತು ನೋಡಿದ. ಉಳಿದವರು ಧುಮುಕಿದ ಮೇಲೆ ಕಂಬಳಿಗೆ ಭುಜ ಕೊಟ್ಟ. ಗೆದ್ದವರು ಯಾರೆಂದು ಯಜಮಾನರು ಆಮೇಲೂ ಕೇಳಲಿಲ್ಲ.

ಮರಗಸಿ ಶುರುವಾದಾಗ ಲಕ್ಕಯ್ಯ ಎಲ್ಲರಂತೆ ಮರ ಹತ್ತಿದ. ರಜಬ್ ಅಲಿ ಸಾಬರು ದುಡ್ಡು ಮುಟ್ಟುವವರಲ್ಲ. ವಾಸಿಯಾದವರು ಒಂದು ತೆಂಗಿನಕಾಯಿ, ವೀಳ್ಯ ಕೊಡಬೇಕು. ಗಂಡ ಹೆಂಡತಿ ಹೋಗಿ ಕೊಟ್ಟುಬಂದರು.

ಮಳೆ ಹಿಡಿಯುವ ಮುಂಚೆ ಸಾಬರು ದೊಡ್ಡಮನೆಯತ್ತ ಬಂದರು. ಯಜಮಾನರು ಬಲಗೈ ಮೇಲೆತ್ತಿ ಅಟ್ಟದಿಂದ ಛತ್ರಿ ಇಳಿಸುತ್ತಿದ್ದರು. ಸಾಬರನ್ನು ಕಂಡವರೇ ಕೈ ಇಳಿಸಿ, ಗೂಟದ ಮೇಲಿದ್ದ ಬಿಳಿ ಬಟ್ಟೆಯನ್ನು ಕೊರಳಿಗೆ ಹಾಕಿಕೊಂಡರು. ಅಂದು ಭಾನುವಾರ, ಕ್ಲಬ್ಬಿನ ವರಾಂಡದ ಕುರ್ಚಿಗೆ ಹೊರಟಿದ್ದರು.

“ಇನ್ನೂ ಪೂರ್ತಿ ವಾಸಿಯಾಗಿಲ್ಲ ಸಾಬ್ರೇ,” ಎಂದರು. “ಆಗಲಿ, ತೆಂಗಿನಕಾಯಿ ಎಲ್ಲಿ ಹೋಗುತ್ತೆ?”